ಕೊಂಡರೆ ಸಾಲದೇ ಎಂದು ಕೇಳುವವರಿಗೆ

ನಮ್ಮವರು ನಾಲ್ಕು ಜನ ಸೇರಿದಲ್ಲಿ ಈಚೆಗೆ ಒಂದು ಮಾತು ತಪ್ಪದೆ ಕೇಳಿಬರುತ್ತದೆ. 2023ರಲ್ಲಿ ಖಾರ್ಘರಿನ ಟಾಟಾ ಕ್ಯಾನ್ಸರ್ ಕೇಂದ್ರದಲ್ಲಿ ಪ್ರೋಟಾನ್ ಚಿಕಿತ್ಸೆ ಆರಂಭವಾದ ಮೇಲಂತೂ ಆ ಮಾತಿಗೆ ರೆಕ್ಕೆ ಬಂದಿದೆ. ‘ನೋಡಿ ಸ್ವಾಮಿ, ಬೆಲ್ಜಿಯಂನಿಂದ ಯಂತ್ರ ತರಿಸಿದರು, ಕೂರಿಸಿದರು, ರೋಗಿಗಳಿಗೆ ಉಪಯೋಗವಾಗುತ್ತಿದೆ. ಅತ್ತ ಕಲ್ಕತ್ತೆಯಲ್ಲಿ ನಮ್ಮ ವಿಜ್ಞಾನಿಗಳು ಸೈಕ್ಲೋಟ್ರಾನನ್ನು ತಾವೇ ಕಟ್ಟುತ್ತೇವೆಂದು ಹೊರಟು ವರುಷಾನುಗಟ್ಟಲೆ ಕೂತರು. ದುಡ್ಡು ಕೊಟ್ಟು ಕೊಂಡಿದ್ದರೆ ಸಾಲದಿತ್ತೇ?’

ಹೀಗೆ ಕೇಳುವವರು ಅರಿಯದವರೇನಲ್ಲ. ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು, ಹೋಟೆಲು ನಡೆಸಿ ನೂರು ಜನಕ್ಕೆ ಅನ್ನದ ದಾರಿ ತೋರಿದವರು, ಲೆಕ್ಕಪತ್ರದಲ್ಲಿ ಪೈಸೆ ಬಿಡದವರು. ಅದಕ್ಕಾಗಿಯೇ ಅವರ ಪ್ರಶ್ನೆಗೆ ಉತ್ತರ ಹೇಳಬೇಕಾಗಿದೆ. ಕಲ್ಕತ್ತೆಯ ಯಂತ್ರ ತಡವಾಯಿತೆಂಬುದು ನಿಜ. ತಡವಾದದ್ದರಿಂದ ದಂಡವಾಯಿತೆಂಬುದು ಮಾತ್ರ ತಪ್ಪು ಲೆಕ್ಕ. ಅದು ದಂಡವಾಗುವುದಿದ್ದರೆ ಬೇರೆಯೇ ಕಾರಣಕ್ಕೆ, ಮತ್ತು ಆ ಕಾರಣದ ಬಗ್ಗೆ ಈ ಮಹನೀಯರು ತುಟಿ ಬಿಚ್ಚುವುದಿಲ್ಲ.

ಮೊದಲು ಯಂತ್ರವೇನೆಂದು ನೋಡೋಣ. ಬಿ.ಎಸ್ಸಿ. ಪುಸ್ತಕದಲ್ಲಿ ಸೈಕ್ಲೋಟ್ರಾನಿಗೆ ಒಂದೂವರೆ ಪುಟ. ಪರೀಕ್ಷೆಗೆ ಐದು ಅಂಕ. ಎರಡು ಟೊಳ್ಳು ಡಬ್ಬಿ, ಮೇಲೆ ಕೆಳಗೆ ಅಯಸ್ಕಾಂತ, ನಡುವೆ ಸುತ್ತುವ ಅಯಾನು. ಉಯ್ಯಾಲೆ ತೂಗುವ ಹುಡುಗನಂತೆ ಪ್ರತಿ ಸುತ್ತಿನಲ್ಲೂ ವಿದ್ಯುತ್ತಿನ ಒಂದೊಂದು ತಳ್ಳು. ತಳ್ಳಿದ ಹಾಗೆಲ್ಲ ವೇಗ ಏರಿ, ಸುತ್ತು ಹಿಗ್ಗಿ, ಕೊನೆಗೆ ಅಂಚಿಗೆ ಬಂದು ಹೊರಬಿದ್ದರೆ ಆಯಿತು. 1931ರಲ್ಲಿ ಅಮೆರಿಕದ ಬರ್ಕಲಿಯಲ್ಲಿ ಲಾರೆನ್ಸ್ ಎಂಬಾತ ಅಂಗೈಯಲ್ಲಿ ಹಿಡಿಯಬಹುದಾದಷ್ಟು ಚಿಕ್ಕದೊಂದನ್ನು ಮಾಡಿ ತೋರಿಸಿದ. 1939ರಲ್ಲಿ ನೊಬೆಲ್ ಬಂತು. ಪುಸ್ತಕ ಅಲ್ಲಿಗೆ ಮುಗಿಯುತ್ತದೆ. ನಮ್ಮ ಟೀಕಾಕಾರರ ತಿಳುವಳಿಕೆಯೂ ಹೆಚ್ಚುಕಡಿಮೆ ಅಲ್ಲಿಗೇ ಮುಗಿಯುತ್ತದೆ.

ಪುಸ್ತಕ ಹೇಳದೆ ಬಿಟ್ಟದ್ದನ್ನು ಒಂದು ಸಣ್ಣ ಗುಣಾಕಾರದಿಂದ ತಿಳಿಯಬಹುದು. ಅಯಾನು ಒಳಗಿನಿಂದ ಅಂಚಿಗೆ ಬರಲು ಐನೂರು ಸುತ್ತು ಹಾಕುತ್ತದೆ ಎಂದುಕೊಳ್ಳಿ. ಒಂದು ಸುತ್ತಿಗೆ ಎಷ್ಟು ಹೊತ್ತು ಎಂಬುದನ್ನು ತೀರ್ಮಾನಿಸುವುದು ಕಾಂತಕ್ಷೇತ್ರ. ಆ ಕ್ಷೇತ್ರ ಸಾವಿರಕ್ಕೆ ಒಂದು ಪಾಲಿನಷ್ಟು ತಪ್ಪಿದರೆ, ಪ್ರತಿ ಸುತ್ತಿಗೂ ಸುತ್ತಿನ ಸಾವಿರದಲ್ಲಿ ಒಂದು ಪಾಲು ತಡ. ಐನೂರು ಸುತ್ತಿಗೆ ಅರ್ಧ ಸುತ್ತು ತಡ. ಅಷ್ಟು ಹೊತ್ತಿಗೆ ವಿದ್ಯುತ್ತಿನ ದಿಕ್ಕು ತಿರುಗಿರುತ್ತದೆ. ಮುಂದಕ್ಕೆ ತಳ್ಳಬೇಕಾದ್ದು ಹಿಂದಕ್ಕೆಳೆಯುತ್ತದೆ. ಹಾಗಾಗಿ ಕ್ಷೇತ್ರವನ್ನು ಹತ್ತು ಸಾವಿರಕ್ಕೊಂದು ಪಾಲಿನ ಲೆಕ್ಕದಲ್ಲಿ ತಿದ್ದಬೇಕು. ವೇಗ ಹೆಚ್ಚಿದಂತೆ ಐನ್‌ಸ್ಟೈನ್ ಹೇಳಿದ ಪ್ರಕಾರ ಅಯಾನು ಭಾರವಾಗುತ್ತದೆ, ಅದಕ್ಕೆ ಸರಿಯಾಗಿ ಅಂಚಿನ ಕಡೆ ಕ್ಷೇತ್ರ ಏರುತ್ತ ಹೋಗಬೇಕು. ಸುಮ್ಮನೆ ಏರಿಸಿದರೆ ಅಯಾನುಗಳು ಮೇಲೆ ಕೆಳಗೆ ಚದುರಿ ಗೋಡೆಗೆ ಬಡಿಯುತ್ತವೆ. ಅದನ್ನು ತಡೆಯಲು ಕಬ್ಬಿಣದ ಧ್ರುವದ ಮುಖವನ್ನು ಬೆಟ್ಟ ಕಣಿವೆಗಳಂತೆ, ಸುರುಳಿ ಸುರುಳಿಯಾಗಿ ಕಡೆಯಬೇಕು. ಇದೆಲ್ಲ ಐದು ಅಂಕದ ಪ್ರಶ್ನೆಯಲ್ಲಿ ಬರುವುದಿಲ್ಲ.

ಇನ್ನು ‘ಅತಿವಾಹಕ’ ಎಂಬ ವಿಶೇಷಣ. ತಾಮ್ರದ ಸುರುಳಿ ಸುತ್ತಿದ ಅಯಸ್ಕಾಂತ ಹೆಚ್ಚುಕಡಿಮೆ 2 ಟೆಸ್ಲಾಕ್ಕೆ ಸುಸ್ತಾಗುತ್ತದೆ; ಕಬ್ಬಿಣದ ಶಕ್ತಿಯೇ ಅಷ್ಟು. ಹೆಚ್ಚು ಶಕ್ತಿಯ ಅಯಾನು ಬೇಕೆಂದರೆ ಯಂತ್ರವನ್ನು ಹಿಗ್ಗಿಸುತ್ತ ಹೋಗಬೇಕು. ನಿಯೋಬಿಯಂ ಮತ್ತು ಟೈಟಾನಿಯಂ ಬೆರೆತ ತಂತಿಯನ್ನು ದ್ರವ ಹೀಲಿಯಂನಲ್ಲಿ ಮುಳುಗಿಸಿ ಸೊನ್ನೆಗಿಂತ 269 ಡಿಗ್ರಿ ಕೆಳಗಿಳಿಸಿದರೆ ಅದರ ವಿದ್ಯುತ್ ರೋಧ ಮಾಯವಾಗುತ್ತದೆ. ಆಗ ಅದೇ ಸುರುಳಿಯಲ್ಲಿ ಭಾರಿ ವಿದ್ಯುತ್ ಹರಿಸಿ 5 ಟೆಸ್ಲಾ, ಅಂದರೆ ಭೂಮಿಯ ಕಾಂತಕ್ಷೇತ್ರದ ಲಕ್ಷ ಪಟ್ಟು, ಪಡೆಯಬಹುದು. ಯಂತ್ರ ಚಿಕ್ಕದಾಗುತ್ತದೆ. ಎಷ್ಟು ಚಿಕ್ಕದೆಂಬುದಕ್ಕೆ ಕಲ್ಕತ್ತೆಯಲ್ಲೇ ಸಾಕ್ಷಿಯಿದೆ. ಒಂದೇ ಆವರಣದಲ್ಲಿ ಎರಡು ಸೈಕ್ಲೋಟ್ರಾನುಗಳಿವೆ. ಹಳೆಯದರ ಅಯಸ್ಕಾಂತ 262 ಟನ್, ಸಾಮರ್ಥ್ಯದ ಅಂಕ 130. ಹೊಸದರದ್ದು ಸುಮಾರು 100 ಟನ್, ಅಂಕ 500. ಆ ಅಂಕದ ಮೇಲೆಯೇ ಅದಕ್ಕೆ ಕೆ-500 ಎಂದು ಹೆಸರು.

ಹಳೆಯ ಯಂತ್ರದ ಬಗ್ಗೆ ನಾಲ್ಕು ಮಾತು ಹೇಳಲೇಬೇಕು, ಯಾಕೆಂದರೆ ಅದರ ಹಿಂದೆ ನಮ್ಮವರೊಬ್ಬರಿದ್ದರು. ತುಮಕೂರಿನಲ್ಲಿ 1925ರಲ್ಲಿ ಹುಟ್ಟಿದ ರಾಜಾ ರಾಮಣ್ಣನವರ ಭಾವಚಿತ್ರ ನಮ್ಮ ಸಂಘಗಳ ಗೋಡೆಯ ಮೇಲೆ ಅಲ್ಲಲ್ಲಿ ಇದೆ. ಅವರ ಬಗ್ಗೆ ಭಾಷಣ ಮಾಡುವವರು ಎರಡೇ ಸಂಗತಿ ಹೇಳಿ ಕೂರುತ್ತಾರೆ: 1974ರ ಪೋಖರಣ್, ಮತ್ತು ಅವರು ಪಿಯಾನೋ ನುಡಿಸುತ್ತಿದ್ದರೆಂಬುದು. ಚೆಂಬೂರಿನ ಆಚೆ ತುರ್ಭೆಯ ಅಣುಶಕ್ತಿ ಕೇಂದ್ರದಿಂದ ಹೊರಟ ಅವರ ಮುಂದಾಳುತನದಲ್ಲಿ ಕಲ್ಕತ್ತೆಯ ಸಾಲ್ಟ್ ಲೇಕಿನಲ್ಲಿ 224 ಸೆಂಟಿಮೀಟರ್ ವ್ಯಾಸದ ಸೈಕ್ಲೋಟ್ರಾನ್ ಎದ್ದಿತೆಂದು ಎಷ್ಟು ಜನಕ್ಕೆ ಗೊತ್ತು? ನಕ್ಷೆಯ ಮಾದರಿ ಅಮೆರಿಕದ್ದು, ಅಯಸ್ಕಾಂತ ರಾಂಚಿಯ ಭಾರಿ ಯಂತ್ರ ಕಾರ್ಖಾನೆಯದು. 1977ರ ಜೂನ್ 16ರಂದು ಅದರೊಳಗೆ ಮೊದಲ ಸಲ ಆಲ್ಫಾ ಕಣಗಳು ಸುತ್ತಿದವು. ಅದಕ್ಕೂ ಮೊದಲು ಅದೇ ಊರಿನಲ್ಲಿ ಮೇಘನಾದ ಸಾಹಾ ಕಷ್ಟಪಟ್ಟಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರ ಸೈಕ್ಲೋಟ್ರಾನಿನ ನಿರ್ವಾತ ಪಂಪುಗಳನ್ನು ಹೊತ್ತ ಹಡಗು ಸಮುದ್ರದಲ್ಲೇ ಮುಳುಗಿತು. ಕೊಂಡು ತರುವುದರಲ್ಲೂ ಮುಳುಗುವ ಭಯವಿದೆ ಎಂಬುದು ಅಂದಿನಿಂದಲೂ ಗೊತ್ತಿದ್ದ ವಿಷಯ.

ಈಗ ಕೆ-500. ತಂತಿ ಸುತ್ತುವ ಕೆಲಸವನ್ನೇ ತೆಗೆದುಕೊಳ್ಳಿ. ಕಿಲೋಮೀಟರುಗಟ್ಟಲೆ ತಂತಿಯನ್ನು ಒಂದೇ ಬಿಗುವಿನಲ್ಲಿ, ಪದರದ ಮೇಲೆ ಪದರವಾಗಿ, ಆ ಕೇಂದ್ರದ ಜನ ತಮ್ಮ ಆವರಣದಲ್ಲೇ ಸುತ್ತಿದರು. ಎಲ್ಲೋ ಒಂದು ಎಳೆ ಸಡಿಲವಿದ್ದು, ಕಾಂತಬಲಕ್ಕೆ ಕೂದಲೆಳೆಯಷ್ಟು ಜರುಗಿದರೆ ಸಾಕು, ಆ ತಿಕ್ಕಾಟದ ಬಿಸಿಗೆ ಆ ಜಾಗ ಅತಿವಾಹಕತ್ವ ಕಳೆದುಕೊಳ್ಳುತ್ತದೆ. ಅಲ್ಲಿ ಹುಟ್ಟಿದ ಕಾವು ಪಕ್ಕಕ್ಕೆ ಹರಡುತ್ತದೆ. ಸುರುಳಿಯಲ್ಲಿ ಕೂಡಿಟ್ಟ ಸುಮಾರು 2 ಕೋಟಿ ಜೂಲ್ ಶಕ್ತಿ ಹೊರದಾರಿ ಹುಡುಕುತ್ತದೆ, ದ್ರವ ಹೀಲಿಯಂ ಕುದಿದು ಆವಿಯಾಗಿ ಏಳುನೂರು ಪಟ್ಟಿಗೂ ಮಿಕ್ಕಿ ಉಬ್ಬುತ್ತದೆ. ಆ ಹೊತ್ತಿಗೆ ಶಕ್ತಿಯನ್ನು ಬೇರೆಡೆ ಹರಿಸಿ ಕಳೆಯುವ ಏರ್ಪಾಡು ಕಣ್ಣೆವೆಯಿಕ್ಕುವುದರೊಳಗೆ ಎಚ್ಚರವಾಗಬೇಕು. ಇದು ಕರೆಂಟು ಹೋದರೆ ಫ್ಯೂಸು ಹಾಕುವ ಕೆಲಸವಲ್ಲ.

ಸುರುಳಿಯ ಉಕ್ಕಿನ ಪಾತ್ರೆಯದು ಇನ್ನೊಂದು ಕಥೆ. ಒಂದೂವರೆ ಮೀಟರ್ ಅಗಲದ ಪಾತ್ರೆ ಆ ಚಳಿಗೆ ನಾಲ್ಕು ಮಿಲಿಮೀಟರಿಗೂ ಹೆಚ್ಚು ಕುಗ್ಗುತ್ತದೆ. ಅದನ್ನು ಹೊರಗೋಡೆಗೆ ಮುಟ್ಟದಂತೆ ನಿರ್ವಾತದಲ್ಲಿ ಕೆಲವೇ ಕೊಂಡಿಗಳಿಂದ ತೂಗುಹಾಕಿರುತ್ತಾರೆ. ಮುಟ್ಟಿದರೆ ಹೊರಗಿನ ಬಿಸಿ ಒಳಗಿಳಿಯುತ್ತದೆ. ಕೊಂಡಿ ಸಣ್ಣದಿರಬೇಕು, ಆದರೆ ಟನ್‌ಗಟ್ಟಲೆ ಎಳೆತ ತಡೆಯಬೇಕು. ಸುರುಳಿ ಕಬ್ಬಿಣದ ಸರಿಯಾದ ನಡುವಿನಲ್ಲಿ ಇಲ್ಲದಿದ್ದರೆ ಅದು ಒಂದು ಪಕ್ಕಕ್ಕೆ ಜಗ್ಗುತ್ತದೆ, ಜಗ್ಗಿದಷ್ಟೂ ಜಗ್ಗು ಹೆಚ್ಚುತ್ತದೆ. ಕೈಯಿಂದ ಮುಟ್ಟಿ, ಕಣ್ಣಿಂದ ನೋಡಿ ಸರಿಪಡಿಸೋಣವೆಂದರೆ ಅದು ಮುಚ್ಚಿದ ಫ್ಲಾಸ್ಕಿನೊಳಗಿದೆ. ಹೊರಗಿನಿಂದಲೇ ಕೊಂಡಿಗಳ ಮೇಲಿನ ಭಾರವನ್ನು ಓದಿ, ತಿರುಪು ಬಿಗಿಸಿ ಸಡಿಲಿಸಿ, ಅದರ ಜಾಗವನ್ನು ಊಹಿಸಬೇಕು.

ರಾಮಣ್ಣನವರು 2004ರಲ್ಲಿ ತೀರಿಕೊಂಡರು. ಮರುವರುಷ, 2005ರಲ್ಲಿ, ಈ ಸುರುಳಿ ದ್ರವ ಹೀಲಿಯಂನ ಚಳಿಗಿಳಿದು ಅಯಸ್ಕಾಂತಕ್ಕೆ ಜೀವ ಬಂತು. 2009ರ ಆಗಸ್ಟಿನಲ್ಲಿ ನಿಯಾನ್ ಅಯಾನುಗಳು ಒಳಗೆ ಸುತ್ತಿ ಅಂಚಿನವರೆಗೆ ಬಂದವು. ಅಯಾನುಗಳ ಈ ಪ್ರವಾಹವನ್ನು ಪ್ರಯೋಗಾಲಯದವರು ಬೀಮ್ ಎನ್ನುತ್ತಾರೆ. ನಾವು ಧಾರೆ ಎನ್ನೋಣ. ಒಳಧಾರೆ ಬಂತು ಎಂದು ಪತ್ರಿಕೆಗಳು ಬರೆದವು, ಅಭಿನಂದನೆಗಳು ಹರಿದವು. ದೇಶ ಅತಿವಾಹಕ ಸೈಕ್ಲೋಟ್ರಾನ್ ಉಳ್ಳ ಕೆಲವೇ ದೇಶಗಳ ಪಂಕ್ತಿಯಲ್ಲಿ ಕೂತಿತೆಂದು ಎದೆ ತಟ್ಟಿಕೊಂಡದ್ದೂ ಆಯಿತು.

ಇಲ್ಲಿಯೇ ನಮ್ಮ ಮೊದಲ ತಕರಾರು. ಅದು ಟೀಕಾಕಾರರ ಮೇಲಲ್ಲ, ಸಂಭ್ರಮಿಸಿದವರ ಮೇಲೆ. ಅಡಿಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಬಡಿಸಿದವಳನ್ನು ಹಂಗಿಸಲು ಹೇಳುತ್ತೇವೆ. ಸೈಕ್ಲೋಟ್ರಾನಿನ ವಿಷಯದಲ್ಲಿ ಅದು ಅಕ್ಷರಶಃ ನಿಜ. ಒಳಗೆ ಎಷ್ಟು ಸುತ್ತಿದರೇನು, ಹೊರಗೆ ಬಂದು ಪ್ರಯೋಗದವರ ಎಲೆಗೆ ಬೀಳದ ಧಾರೆ ಒಲೆಯ ಮೇಲಿನ ಅನ್ನ. ಹೊರತೆಗೆಯುವುದೇ ಈ ವಿದ್ಯೆಯ ಅತ್ಯಂತ ಕಠಿಣ ಭಾಗ. ಕಾಂತಕ್ಷೇತ್ರ ಬಲವಾದಷ್ಟೂ ಸುತ್ತುಗಳು ಒತ್ತೊತ್ತಾಗಿ ಬರುತ್ತವೆ; ಕೊನೆಯ ಸುತ್ತಿಗೂ ಅದರ ಹಿಂದಿನದಕ್ಕೂ ನಡುವೆ ಸಿಗುವ ಜಾಗ ಮಿಲಿಮೀಟರಿನ ಲೆಕ್ಕದ್ದು. ಆ ಸಂದಿಯಲ್ಲಿ ಕಾಗದದಷ್ಟು ತೆಳುವಾದ ಲೋಹದ ತಗಡನ್ನು ನಿಲ್ಲಿಸಿ, ಆಚೆ ಬದಿಗೆ ಭಾರಿ ವೋಲ್ಟೇಜು ಕೊಟ್ಟು, ಕೊನೆಯ ಸುತ್ತಿನ ಅಯಾನುಗಳನ್ನಷ್ಟೇ ಹೊರಕ್ಕೆ ಸೆಳೆಯಬೇಕು. ಕೆ-500ರಲ್ಲಿ ಇಂಥ ಎರಡು ಸೆಳೆಪಟ್ಟಿಗಳು, ಅವುಗಳ ಮುಂದೆ ಅಂಚಿನ ಕ್ಷೇತ್ರವನ್ನು ಹದಗೊಳಿಸುವ ಕಬ್ಬಿಣದ ತುಂಡುಗಳ ಸಾಲು. ಸುತ್ತುಗಳ ನಡುಬಿಂದು ಸ್ವಲ್ಪ ಸರಿದರೂ ಧಾರೆ ತಗಡಿಗೆ ಬಡಿದು ಅಲ್ಲೇ ಹೋಯಿತು.

2009ರಲ್ಲಿ ಗಂಟೆ ಬಾರಿಸಿದವರು ಜನಕ್ಕೆ ಇದನ್ನು ಬಿಡಿಸಿ ಹೇಳಲಿಲ್ಲ. ‘ಇನ್ನು ಅತಿ ಕಷ್ಟದ ಭಾಗ ಉಳಿದಿದೆ, ವರುಷಗಳೇ ಬೇಕಾಗಬಹುದು’ ಎಂದಿದ್ದರೆ ಮುಂದೆ ಯಾರೂ ಬೆರಳು ತೋರಿಸುತ್ತಿರಲಿಲ್ಲ. ಉದ್ಘಾಟನೆಯ ಫಲಕಕ್ಕೆ ಹೂವು ಏರಿಸಿದ ಮೇಲೆ ಕೆಲಸ ಮುಗಿಯಿತೆಂದು ಜನ ತಿಳಿಯುತ್ತಾರೆ, ಅದು ಅವರ ತಪ್ಪಲ್ಲ. ಧಾರೆ ಹೊರಬರಲು ಸುಮಾರು ಇನ್ನೊಂದು ದಶಕ ಹಿಡಿಯಿತು. ಕಾಂತಕ್ಷೇತ್ರವನ್ನು ಮತ್ತೆ ಬಿಂದು ಬಿಂದುವಾಗಿ ಅಳೆದರು, ತಪ್ಪು ಎಲ್ಲಿದೆಯೆಂದು ಹುಡುಕಿದರು, ತಿದ್ದಿದರು. ಆ ದಶಕದ ಕೊನೆಗೆ ನೈಟ್ರೋಜನ್ ಅಯಾನುಗಳು 252 ಮೆಗಾ ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಪಡೆದು ಹೊರಬಂದವು. ಆ ದಿನ ಪತ್ರಿಕೆಗಳಿಗೆ ಬೇರೆ ಸುದ್ದಿಯಿತ್ತು.

ಆ ಹತ್ತು ವರುಷವೇ ಈ ಯೋಜನೆಯ ಮರ್ಯಾದೆ ಎನ್ನುತ್ತೇವೆ ನಾವು. ಒಳಧಾರೆ ಬಂದದ್ದಾಯಿತು, ಬಿರುದು ಬಂದದ್ದಾಯಿತು, ಇನ್ನು ಯಾಕೆ ತಲೆನೋವು ಎಂದು ಬಾಗಿಲು ಹಾಕಬಹುದಿತ್ತು. ಹಾಕಲಿಲ್ಲ. ಒಂದು ಯಂತ್ರವನ್ನು ಬಿಚ್ಚಿ, ಅಳೆದು, ಎಲ್ಲಿ ಎಡವಿತೆಂದು ಹುಡುಕಿ, ಮತ್ತೆ ಕೂಡಿಸಿದ ಜನರಿಗೆ ಗೊತ್ತಿರುವಷ್ಟು, ಮೊದಲ ಸಲಕ್ಕೇ ಸರಿಹೋದವರಿಗೆ ಗೊತ್ತಿರುವುದಿಲ್ಲ. ಬೇರೆ ದೇಶಗಳವರೇನು ವಾರದಲ್ಲಿ ಕಟ್ಟಿದರೇ? ಇಟಲಿಯವರು 1980ರ ದಶಕದ ಆರಂಭದಲ್ಲಿ ಮಿಲಾನಿನಲ್ಲಿ ಶುರುಮಾಡಿದರು, ನಡುವೆ ಯಂತ್ರವನ್ನು ಸಿಸಿಲಿಯ ಕಟಾನಿಯಾಕ್ಕೆ ಸಾಗಿಸಿದರು, ಧಾರೆ ಕಂಡದ್ದು 1994ರ ಡಿಸೆಂಬರಿನಲ್ಲಿ. ಕೆನಡಾದ ಚಾಕ್ ರಿವರಿನವರು ಈ ಕಲ್ಪನೆಯನ್ನೇ ಮೊದಲು ಮುಂದಿಟ್ಟವರು. 1970ರ ದಶಕದಲ್ಲಿ ಹೊರಟ ಅವರಿಗೆ 1985ರವರೆಗೆ ಕಾಯಬೇಕಾಯಿತು. ಸುತ್ತಮುತ್ತ ಅತಿವಾಹಕ ತಂತಿಯ, ಹೀಲಿಯಂನ ಕಾರ್ಖಾನೆಗಳಿದ್ದ ದೇಶಗಳ ಪಾಡು ಇದು. ನಮ್ಮಲ್ಲಿ ಹೀಲಿಯಂ ಅನಿಲವೂ ಹಡಗಿನಲ್ಲಿ ಬರಬೇಕು.

ಈಗ ಬೆಲ್ಜಿಯಂಗೆ ಬರೋಣ. ಖಾರ್ಘರಿನ ಯಂತ್ರವನ್ನು, 2019ರಲ್ಲಿ ಚೆನ್ನೈಯ ಖಾಸಗಿ ಆಸ್ಪತ್ರೆಯಲ್ಲಿ ಶುರುವಾದ ಪ್ರೋಟಾನ್ ಕೇಂದ್ರದ ಯಂತ್ರವನ್ನು, ಸಾಲದ್ದಕ್ಕೆ 2018ರಲ್ಲಿ ಕಲ್ಕತ್ತೆಯ ಅದೇ ಸೈಕ್ಲೋಟ್ರಾನ್ ಕೇಂದ್ರದವರು ವೈದ್ಯಕೀಯ ಐಸೊಟೋಪುಗಳಿಗಾಗಿ ನಡೆಸತೊಡಗಿದ 30 ಮೆಗಾ ಎಲೆಕ್ಟ್ರಾನ್‌ವೋಲ್ಟಿನ ಯಂತ್ರವನ್ನು ಮಾಡಿಕೊಟ್ಟದ್ದು ಒಂದೇ ಕಂಪನಿ: ಐ.ಬಿ.ಎ. ಇದೇನು ಮೊದಲಿನಿಂದ ಬಂದ ಸಾಹುಕಾರರ ಅಂಗಡಿಯೇ? ಅಲ್ಲ. ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದ ಸೈಕ್ಲೋಟ್ರಾನ್ ಪ್ರಯೋಗಾಲಯದಲ್ಲಿ ವರುಷಗಟ್ಟಲೆ ಕೈ ಸುಟ್ಟುಕೊಂಡ ಇವ್ ಯೊಂಗೆನ್ ಎಂಬ ಎಂಜಿನಿಯರ್ 1986ರಲ್ಲಿ ಅಲ್ಲಿಂದಲೇ ಎಬ್ಬಿಸಿದ ಸಂಸ್ಥೆ ಅದು. ಆ ದೇಶದ ಜನಸಂಖ್ಯೆ ನಮ್ಮ ಮಹಾಮುಂಬಯಿಯ ಜನಸಂಖ್ಯೆಗಿಂತ ಕಡಿಮೆ. ಅವರ ಲೆಕ್ಕಿಗರು ಅಂದು ‘ಅಮೆರಿಕದಿಂದ ಕೊಂಡರೆ ಸಾಲದೇ’ ಎಂದು ಕೇಳಿ ಗೆದ್ದಿದ್ದರೆ ಇಂದು ನಾವು ಕೊಳ್ಳಲು ಅಂಗಡಿಯೇ ಇರುತ್ತಿರಲಿಲ್ಲ.

ಕ್ಯಾನ್ಸರ್ ರೋಗಿಗೆ ಯಂತ್ರ ತರಿಸಿದ್ದು ತಪ್ಪೆಂದು ನಾವು ಹೇಳುತ್ತಿಲ್ಲ. ಜೀವ ಕಾಯುವುದಿಲ್ಲ, ತರಿಸಲೇಬೇಕಿತ್ತು. ಚಿಕ್ಕ ಮಕ್ಕಳ ಮೆದುಳಿನ ಗೆಡ್ಡೆಗೆ ಸುತ್ತಲಿನ ಭಾಗ ಸುಡದಂತೆ ಚಿಕಿತ್ಸೆ ಮಾಡಬಲ್ಲ ಯಂತ್ರದ ಮುಂದೆ ಸ್ವದೇಶಿ ಭಾಷಣ ಬಿಗಿಯುವಷ್ಟು ಕಲ್ಲೆದೆ ನಮ್ಮದಲ್ಲ. ಆದರೆ ಒಂದನ್ನು ತಂದೆವು, ಎರಡನ್ನು ತಂದೆವು; ಇಷ್ಟು ದೊಡ್ಡ ದೇಶಕ್ಕೆ ಎಷ್ಟು ಬೇಕು? ಪ್ರತಿಯೊಂದರ ಬಿಡಿಭಾಗಕ್ಕೂ, ಪ್ರತಿಯೊಂದರ ದುರಸ್ತಿಗೂ ಯಾರ ಬಾಗಿಲು ಬಡಿಯಬೇಕು? 1974ರ ಮತ್ತು 1998ರ ಪರೀಕ್ಷೆಗಳ ನಂತರ ನಮ್ಮ ಅಣುಶಕ್ತಿ ಇಲಾಖೆಯ ಮೇಲೆ ಹೊರದೇಶದ ಅಂಗಡಿಗಳು ಹೇಗೆ ಬಾಗಿಲು ಮುಚ್ಚಿದವೆಂಬುದನ್ನು ಅಣುಶಕ್ತಿನಗರದ ಕನ್ನಡ ಕುಟುಂಬಗಳನ್ನು ಕೇಳಿದರೆ ಹೇಳಿಯಾರು.

ಅಷ್ಟಾಗಿ ಈ ಲೇಖನದ ಮುಖ್ಯ ಮಾತು ಇನ್ನೂ ಉಳಿದಿದೆ. ಅದು ಅಮೆರಿಕದ ಮಿಚಿಗನ್ ರಾಜ್ಯದ್ದು. ಅಲ್ಲಿನ ವಿಶ್ವವಿದ್ಯಾಲಯವೊಂದರಲ್ಲಿ ಹೆನ್ರಿ ಬ್ಲಾಸರ್ ಎಂಬ ವಿಜ್ಞಾನಿ ಮತ್ತವನ ತಂಡ ಜಗತ್ತಿನ ಮೊದಲ ಅತಿವಾಹಕ ಸೈಕ್ಲೋಟ್ರಾನನ್ನು 1982ರಲ್ಲಿ ನಡೆಸಿದರು. ಅದರ ಹೆಸರೂ ಕೆ-500. ಅವರು ಅಲ್ಲಿಗೆ ಕೈ ತೊಳೆದುಕೊಳ್ಳಲಿಲ್ಲ. ಅದೇ ಜನ, ಅದೇ ಕೈಗಳು, 1988ಕ್ಕೆ ಕೆ-1200 ಎಂಬ ಇನ್ನೂ ದೊಡ್ಡದನ್ನು ಎಬ್ಬಿಸಿದವು. ಆಮೇಲೆ ಡೆಟ್ರಾಯಿಟಿನ ಹಾರ್ಪರ್ ಆಸ್ಪತ್ರೆಗೆ, ರೋಗಿಯ ಸುತ್ತ ತಿರುಗುವ ಚೌಕಟ್ಟಿನ ಮೇಲೇ ಕೂರುವಷ್ಟು ಪುಟ್ಟದೊಂದು ಅತಿವಾಹಕ ಸೈಕ್ಲೋಟ್ರಾನ್ ಕಟ್ಟಿಕೊಟ್ಟರು. ಪ್ರೋಟಾನ್ ಚಿಕಿತ್ಸೆಗೆ 250 ಮೆಗಾ ಎಲೆಕ್ಟ್ರಾನ್‌ವೋಲ್ಟಿನ ಅತಿವಾಹಕ ಯಂತ್ರವೊಂದು 2007ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ರೋಗಿಗಳ ಸೇವೆಗಿಳಿಯಿತು; ಅದರ ಮೂಲ ಆಲೋಚನೆಯೂ ಬ್ಲಾಸರನ ಮನೆಯದೇ. ಅವನ ಮೊದಲ ಯಂತ್ರಕ್ಕೆ ಸುರಿದ ಹಣವನ್ನು ಈಗ ದಂಡ ಎನ್ನುವವರುಂಟೇ?

ಕಲ್ಕತ್ತೆಯಲ್ಲಿ ಏನಾಯಿತು? ಮೊದಲ ದೊಡ್ಡ ಯಂತ್ರ 1977ರಲ್ಲಿ. ಎರಡನೆಯದರ ಅಯಸ್ಕಾಂತಕ್ಕೆ ಜೀವ ಬಂದದ್ದು 2005ರಲ್ಲಿ. ನಡುವೆ 28 ವರುಷ. 1970ರಲ್ಲಿ ಮೂವತ್ತು ದಾಟಿದ್ದವರೆಲ್ಲ 2000ಕ್ಕೆ ಮನೆ ಸೇರಿದರು. ರಾಂಚಿಯ ಕಬ್ಬಿಣ ಎಲ್ಲಿ ಹೇಗೆ ಮೊಂಡು ಹಿಡಿಯಿತು, ಯಾವ ಬೆಸುಗೆ ಸೋರಿತು, ನಿರ್ವಾತ ಏರದಿದ್ದರೆ ಮೊದಲು ಎಲ್ಲಿ ಕಿವಿಗೊಡಬೇಕು ಎಂಬುದನ್ನೆಲ್ಲ ಅವರು ಜೊತೆಗೇ ಒಯ್ದರು. ಇಂಥ ಜ್ಞಾನ ಫೈಲಿನಲ್ಲಿ ಇರುವುದಿಲ್ಲ. ಕೇಂದ್ರ ಸರಕಾರದ ಫೈಲುಗಳ ನಡುವೆಯೇ ಬದುಕುವ ನಾವು ಇದನ್ನು ಅಧಿಕಾರವಾಣಿಯಿಂದ ಹೇಳಬಲ್ಲೆವು. ಫೈಲಿನಲ್ಲಿ ಇರುವುದು ಮಂಜೂರಾತಿ, ಟೆಂಡರು, ಬಿಲ್ಲು, ಬಳಕೆಯ ಪ್ರಮಾಣಪತ್ರ. ಯಂತ್ರ ಯಾಕೆ ನಡೆಯಲಿಲ್ಲ, ಯಾರು ಹೇಗೆ ಕಂಡುಹಿಡಿದರು ಎಂಬುದಕ್ಕೆ ಕಾಲಮ್ಮೇ ಇಲ್ಲ.

ನಮ್ಮ ಹೋಟೆಲುಗಳಲ್ಲಿ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಕುಂದಾಪುರದ ಕಡೆಯಿಂದ ಬಂದ ಹುಡುಗ ಮೊದಲು ಲೋಟ ತೊಳೆಯುತ್ತಾನೆ, ಆಮೇಲೆ ಕಾಯಿ ತುರಿಯುತ್ತಾನೆ, ರುಬ್ಬುತ್ತಾನೆ, ಭಟ್ಟರ ಪಕ್ಕದಲ್ಲಿ ನಿಂತು ಸಾಂಬಾರಿನ ಹದ ನೋಡುತ್ತಾನೆ. ಎಷ್ಟೋ ವರುಷಕ್ಕೆ ಅವನೇ ಭಟ್ಟ. ದೊಡ್ಡ ಭಟ್ಟರು ಊರಿಗೆ ಹೊರಡುವ ಮೊದಲೇ ಚಿಕ್ಕವನ ಕೈ ಪಳಗಿರಬೇಕೆಂದು ಅಲ್ಲಿನ ಯಜಮಾನರಿಗೆ ಗೊತ್ತು. ಇಲ್ಲವಾದರೆ ಬೋರ್ಡು ಇರುತ್ತದೆ, ದೋಸೆ ಇರುವುದಿಲ್ಲ. ಹೀಗೆ ಹೋಟೆಲು ನಡೆಸಿ ಹೆಸರಾದವರೇ ಸೈಕ್ಲೋಟ್ರಾನಿನ ವಿಷಯ ಬಂದಾಗ ‘ಕೊಂಡು ತನ್ನಿ’ ಎನ್ನುವುದು ನಮಗೆ ಸೋಜಿಗ. ಸಿದ್ಧ ಹಿಟ್ಟಿನ ಪೊಟ್ಟಣ ತಂದು ದೋಸೆ ಹುಯ್ಯಿರೆಂದು ಅವರಿಗೆ ಯಾರಾದರೂ ಹೇಳಿ ನೋಡಲಿ!

ಇದಕ್ಕೆ ದೂರ ಹೋಗದೆ ಸಿಗುವ ಇನ್ನೊಂದು ನಿದರ್ಶನವಿದೆ. ಉಡುಪಿ ಕಡೆಯ ಯು. ಆರ್. ರಾವ್ ಅವರು ಬಾಹ್ಯಾಕಾಶ ಸಂಸ್ಥೆಯ ಅಧ್ಯಕ್ಷರಾಗಿದ್ದ ಕಾಲದಲ್ಲಿ, 1993ರಲ್ಲಿ, ರಶಿಯಾ ಅಮೆರಿಕದ ಒತ್ತಡಕ್ಕೆ ಮಣಿದು ಕ್ರಯೋಜೆನಿಕ್ ಎಂಜಿನಿನ ವಿದ್ಯೆ ಕೊಡುವುದಿಲ್ಲವೆಂದಿತು. ಅದೂ ಅತಿಶೀತದ ವಿದ್ಯೆಯೇ. ಹೀಲಿಯಂ ಬದಲು ದ್ರವ ಹೈಡ್ರೋಜನ್. ಇಲ್ಲೇ ಕಟ್ಟಲು ಹೊರಟರು. 2010ರಲ್ಲಿ ನಮ್ಮದೇ ಎಂಜಿನು ಹೊತ್ತ ಮೊದಲ ರಾಕೆಟು ಸಮುದ್ರಕ್ಕೆ ಬಿತ್ತು. ಆಗಲೂ ಇದೇ ಮಾತು ಎದ್ದಿತ್ತು, ಕೊಂಡರೆ ಸಾಲದೇ ಎಂದು. 2014ರ ಜನವರಿಯಲ್ಲಿ ಗೆದ್ದರು. ಅಲ್ಲಿಗೆ ನಿಲ್ಲಿಸದೆ ಎರಡನೆಯದನ್ನು, ಇನ್ನೂ ದೊಡ್ಡದನ್ನು ಮಾಡಿದರು. 2023ರ ಜುಲೈಯಲ್ಲಿ ಚಂದ್ರಯಾನವನ್ನು ಹೊತ್ತೊಯ್ದ ರಾಕೆಟಿನ ಮೇಲಿನ ಹಂತ ಆ ಎರಡನೆಯದು. ಅದು ಚಂದ್ರನ ಮೇಲೆ ಇಳಿದ ಸಂಜೆ ನಮ್ಮ ಸಂಘದಲ್ಲಿ ಪೇಡೆ ಹಂಚಿದವರಲ್ಲಿ 2010ರ ಟೀಕಾಕಾರರೂ ಇದ್ದರು. ಪೇಡೆಗೆ ನಮ್ಮ ತಕರಾರಿಲ್ಲ.

ಆದ್ದರಿಂದ ಪ್ರಶ್ನೆ ಕೇಳುವವರಿಗೆ ನಮ್ಮ ವಿನಂತಿ: ಪ್ರಶ್ನೆಯನ್ನು ಬದಲಿಸಿ ಕೇಳಿ. ‘ಮೊದಲನೆಯದಕ್ಕೆ ಯಾಕೆ ಇಷ್ಟು ವರುಷ’ ಎಂದಲ್ಲ, ‘ಎರಡನೆಯದು ಎಲ್ಲಿ’ ಎಂದು. ಕೆ-500ರ ನಂತರ ಮತ್ತೊಂದು ಅತಿವಾಹಕ ಸೈಕ್ಲೋಟ್ರಾನ್ ಈ ದೇಶದಲ್ಲಿ ಎದ್ದಿಲ್ಲ. ಸುರುಳಿ ಸುತ್ತಿದವರು, ಕೊಂಡಿ ಬಿಗಿಸಿದವರು, ಕ್ಷೇತ್ರ ಅಳೆದು ತಪ್ಪು ಹಿಡಿದವರು ವರುಷಕ್ಕಿಷ್ಟು ಜನರಂತೆ ಅರವತ್ತು ಮುಟ್ಟುತ್ತಿದ್ದಾರೆ. ನಿವೃತ್ತಿಯ ಆದೇಶ ಒಂದು ಹಾಳೆ. ನಮ್ಮಂಥ ಗುಮಾಸ್ತರು ಹತ್ತು ನಿಮಿಷದಲ್ಲಿ ಬೆರಳಚ್ಚು ಮಾಡಿ ಸಹಿಗೆ ಕಳಿಸುತ್ತೇವೆ. ಆಮೇಲೆ ಆ ಹುದ್ದೆ ಖಾಲಿ, ಖಾಲಿ ಬಿದ್ದ ಹುದ್ದೆ ಕೆಲವು ವರುಷಕ್ಕೆ ರದ್ದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬಲ್ಲಿ ದೊಣ್ಣೆ ಹಿಡಿದವನು ಯಾವಾಗಲೂ ಶತ್ರುವೇ ಆಗಿರಬೇಕಿಲ್ಲ, ನಿಯಮಾವಳಿಯೂ ಆಗಬಹುದು. ಮತ್ತೆ ಇಪ್ಪತ್ತೈದು ವರುಷ ಬಿಟ್ಟು ಯಾರೋ ಮೂರನೆಯ ಯಂತ್ರಕ್ಕೆ ಮಂಜೂರಾತಿ ತಂದಾಗ ಎಲ್ಲವನ್ನೂ ಓನಾಮದಿಂದ ಕಲಿಯಬೇಕು. ಆಗಲೂ ತಡವಾಗುತ್ತದೆ, ಆಗಲೂ ‘ಕೊಂಡರೆ ಸಾಲದೇ’ ಎನ್ನುವವರು ಹುಟ್ಟಿರುತ್ತಾರೆ.

ಸರಕಾರವನ್ನಷ್ಟೇ ಬೈದು ಮುಗಿಸುವುದು ಸುಲಭ. ನಮ್ಮ ಮನೆಗಳ ಕಡೆಗೂ ನೋಡಬೇಕು. ಇಂಥ ಯಂತ್ರವನ್ನು ವಿಜ್ಞಾನಿಗಳಷ್ಟೇ ಕಟ್ಟುವುದಿಲ್ಲ. ಹೀಲಿಯಂ ಒಂದು ಕಣವೂ ಸೋರದಂತೆ ಬೆಸೆಯುವ ವೆಲ್ಡರು, ಶೀತ ಯಂತ್ರದ ಮೆಕ್ಯಾನಿಕ್ಕು, ಹಗಲಿರುಳು ಪಾಳಿಯಲ್ಲಿ ನಿರ್ವಾತದ ಮಾಪಕ ನೋಡುವ ತಂತ್ರಜ್ಞ, ಮೈಕ್ರಾನ್ ಲೆಕ್ಕದಲ್ಲಿ ಲೇತು ಹಿಡಿಯುವವನು, ಇವರೆಲ್ಲ ಬೇಕು. ನಮ್ಮ ಸಂಘದ ಪ್ರತಿಭಾ ಪುರಸ್ಕಾರದ ಪಟ್ಟಿಯನ್ನು ಹತ್ತು ವರುಷ ಹಿಂದಕ್ಕೆ ತಿರುವಿ ನೋಡಿ. ಕಂಪ್ಯೂಟರ್ ಎಂಜಿನಿಯರಿಂಗು, ಡಾಕ್ಟರಿಕೆ, ಸಿ.ಎ.; ಮತ್ತೆ ಕಂಪ್ಯೂಟರು. ಐ.ಟಿ.ಐ. ಮುಗಿಸಿದ ಹುಡುಗನೊಬ್ಬ, ಶೈತ್ಯ ಯಂತ್ರಗಳ ಡಿಪ್ಲೊಮಾ ಮಾಡಿದ ಹುಡುಗಿಯೊಬ್ಬಳು ಆ ವೇದಿಕೆ ಹತ್ತಿದ್ದು ನಮಗೆ ಕಾಣಲಿಲ್ಲ. ಅಂಥವರು ನಮ್ಮ ಕುಟುಂಬಗಳಲ್ಲಿ ಇಲ್ಲವೆಂದಲ್ಲ. ಡೊಂಬಿವಿಲಿಯಲ್ಲಿ, ಭಾಂಡೂಪಿನಲ್ಲಿ ಇದ್ದಾರೆ. ಅರ್ಜಿಯ ನಮೂನೆಯಲ್ಲಿ ಅವರಿಗೆ ಜಾಗವಿಲ್ಲ.

ಕಾರ್ಯಕಾರಿ ಸಮಿತಿಯವರು ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸಿಕೊಳ್ಳಬೇಕು: ಐ.ಟಿ.ಐ. ಮತ್ತು ಡಿಪ್ಲೊಮಾದವರಿಗೆ ರಾಜಾ ರಾಮಣ್ಣನವರ ಹೆಸರಿನಲ್ಲಿ ಪ್ರತಿ ವರುಷ ಎರಡು ಬಹುಮಾನ. ಅವರ ಭಾವಚಿತ್ರಕ್ಕೆ ಹಾಕುವ ಹಾರದ ಖರ್ಚನ್ನು ಉಳಿಸಿದರೂ ಅರ್ಧ ಹಣ ಹುಟ್ಟುತ್ತದೆ. ಉಳಿದ ಅರ್ಧದಲ್ಲಿ ನಮ್ಮ ಪಾಲನ್ನು ಈ ಲೇಖನದ ಜೊತೆಗೇ ಖಜಾಂಚಿಯವರಿಗೆ ಕಳಿಸಿದ್ದೇವೆ. ರಸೀದಿಯನ್ನು ಅಂಚೆಯಲ್ಲಿ ಕಳಿಸಿದರೆ ಸಾಕು.